ಭರಣಿಯ ತಳದ ಒಂದು ಹಿಡಿ

ದಾರದಕ್ಕನ ಬೈಂಡಿಂಗ್ ಅಂಗಡಿಯ ಹೊರಗೆ ಬೋರ್ಡಿರಲಿಲ್ಲ. ಇದ್ದ ಬೋರ್ಡುಗಳೆಲ್ಲ ಒಳಗೆ ಗೋಡೆಗೊರಗಿ, ಪುಸ್ತಕದ ರಟ್ಟಾಗಲು ಸರದಿ ಕಾಯುತ್ತಿದ್ದವು. ಹೊಸಬರಿಗೆ ದಾರಿ ತೋರಿಸುತ್ತಿದ್ದುದು ಅವರವರ ಮೂಗು. ಬೀಗ ರಿಪೇರಿಯವನ ಪಕ್ಕದ ಮೆಟ್ಟಿಲಿಳಿದರೆ ಬೆಂದ ಹಿಟ್ಟು, ಮೇಣ, ಹಳೆಯ ಕಾಗದ ಮೂರೂ ಬೆರೆತ ವಾಸನೆ ಎದುರಿಗೇ ಬಂದು ಕೈಹಿಡಿದು ಕರೆದೊಯ್ಯುತ್ತಿತ್ತು. ಅರ್ಧ ನೆಲದೊಳಗೆ ಹುದುಗಿದ ಕೋಣೆ. ಕಿಟಕಿ ಬೀದಿಯ ಮಟ್ಟಕ್ಕಿದ್ದುದರಿಂದ ಅಲ್ಲಿ ಕೂತವರಿಗೆ ಊರೆಲ್ಲ ಪಾದಗಳಾಗಿಯೇ ಪರಿಚಯ. ಗಿರಾಕಿ ಬಾಗಿಲು ತಟ್ಟುವ ಮೊದಲೇ ಅಕ್ಕ ಅವನ ಚಪ್ಪಲಿ ಗುರುತಿಸಿ ಪುಸ್ತಕ ತೆಗೆದಿಟ್ಟಿರುತ್ತಿದ್ದಳು. ಮುಖ ನೋಡಿ ಮಣೆ ಹಾಕುವ ಲೋಕದಲ್ಲಿ ಅವಳೊಬ್ಬಳು ಪಾದ ನೋಡಿ ಹಾಕುತ್ತಿದ್ದಳು.

ಕಿಟಕಿಯ ಬೆಳಕಿಗೆ ಅಕ್ಕ, ಒಳಗಿನ ಮೇಜಿಗೆ ಅವಳ ತಮ್ಮ. ಬಿಡಿ ಹಾಳೆಗಳ ಕಟ್ಟುಗಳನ್ನು ಮೇಣ ಹಚ್ಚಿದ ದಾರದಿಂದ ಒಂದಕ್ಕೊಂದು ಹೊಲಿಯುವುದು ಅವಳ ಕೆಲಸ. ಹೊಲಿದದ್ದರ ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಿ, ಬೆನ್ನಿಗೂ ರಟ್ಟಿಗೂ ನಡುವಿನ ಕೀಲನ್ನು ಮೂಳೆಯ ಪಟ್ಟಿಯಿಂದ ತೀಡಿ ಕೂರಿಸುವುದು ಅವನ ಕೆಲಸ. ಪುಸ್ತಕಕ್ಕೂ ಕೀಲಿದೆ ಎಂಬುದು ಓದುವವರಿಗೆ ಗೊತ್ತೇ ಇರುವುದಿಲ್ಲ. ಮನುಷ್ಯನ ಕೀಲಿನ ಹಾಗೆಯೇ, ಕೆಟ್ಟಾಗಲೇ ಅದರ ನೆನಪು. "ಹೊಲಿಗೆ ಅಕ್ಕಂದು, ಅಂಟು ನಂದು, ನಂಟು ಇಬ್ಬರದೂ" ಎಂದು ತಮ್ಮ ಬಂದವರಿಗೆಲ್ಲ ಹೇಳುತ್ತಿದ್ದ. ಬೀದಿಯವರು ಅವನನ್ನು ಅಂಟಣ್ಣ ಎಂದು ಕರೆದದ್ದು ಕಸುಬಿಗಾಗಿ ಮಾತ್ರವಲ್ಲ; ಮಾತಿಗೆ ಸಿಕ್ಕರೆ ಬಿಡಿಸಿಕೊಂಡು ಬರುವುದು ಕಷ್ಟವಿತ್ತು.

ಅಂಟಣ್ಣ ಬ್ರಷ್ಷು ಮುಟ್ಟಿದವನಲ್ಲ. ಬ್ರಷ್ಷಿಗೆ ಕೂದಲಿದೆ, ಕಣ್ಣಿಲ್ಲ ಎನ್ನುತ್ತಿದ್ದ. ಮೇಜಿನ ಬಲಕ್ಕೆ ಕುಂಬಳಕಾಯಿ ಗಾತ್ರದ ಪಿಂಗಾಣಿ ಭರಣಿ. ಅದರೊಳಗೆ ಬೆರಳುಗಳನ್ನು ಗೆಣ್ಣಿನವರೆಗೆ ಅದ್ದಿ, ಪಚಕ್ಕನೆ ಕಾಗದಕ್ಕೆ ಬಡಿದು, ಒಂದೇ ಎಳೆತಕ್ಕೆ ಮೂಲೆಯಿಂದ ಮೂಲೆಗೆ ಹರಡುತ್ತಿದ್ದ. ಗೋಧಿ ಹಿಟ್ಟಿನ ಅಂಟು. ಹುಳ ಹಿಡಿಯದಂತೆ, ಹಳಸದಂತೆ ಅದಕ್ಕೆ ಮೈಲುತುತ್ತದ ಪುಡಿ. ಆ ನೀಲಿ ವಿಷ ಅವನ ಉಗುರಿನ ಅಂಚಿನಲ್ಲಿ ಬಾಡಿಗೆ ಕೊಡದೆ ಕಾಯಂ ವಾಸವಿತ್ತು. ಭರಣಿಯನ್ನು ಮಾತ್ರ ಅವನು ಎಂದೂ ಪೂರ್ತಿ ಖಾಲಿ ಮಾಡಿದ್ದಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸಿಯೇ ಅದರ ಮೇಲೆ ಹೊಸ ಅಂಟು ಸುರಿಯುತ್ತಿದ್ದ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೊಸದಕ್ಕೆ ಹಳೆಯದು ಬುದ್ಧಿ ಹೇಳಬೇಕು, ಇಲ್ಲದಿದ್ದರೆ ಹಿಡಿತ ಕಲಿಯುವುದಿಲ್ಲ ಎಂಬುದು ಅವನ ಸಿದ್ಧಾಂತ.

ಅಕ್ಕನ ಎರಡು ಕಿಡ್ನಿಗಳೂ ಕೈಕೊಟ್ಟಾಗ ತಮ್ಮ ತನ್ನದೊಂದು ಕೊಟ್ಟ. ಅವಳು ಬೇಡವೆಂದು ಹಟ ಹಿಡಿದಾಗ ಪಕ್ಕದ ಬೀಗದಂಗಡಿ ತೋರಿಸಿ, "ದೇವರು ಎಲ್ಲರಿಗೂ ಒಂದು ಡುಪ್ಲಿಕೇಟ್ ಕೀ ಕೊಟ್ಟಿರ್ತಾನೆ ಅಕ್ಕಾ. ನಂದು ನಿನ್ ಹತ್ರ ಇರಲಿ, ಕಳ್ಕೋಬೇಡ" ಎಂದಿದ್ದ. ಆಪರೇಷನ್ ಆದ ಮೇಲೆ ಕಿಡ್ನಿಯ ಡಾಕ್ಟರಮ್ಮ ಅಕ್ಕನಿಗೆ ಮಾತ್ರೆಗಳ ಅರ್ಥ ಬಿಡಿಸಿ ಹೇಳಿದರು. ಮೈಯೊಳಗಿನ ಕಾವಲುಗಾರರಿಗೆ ತಮ್ಮನಾರು, ಕಳ್ಳನಾರು ತಿಳಿಯುವುದಿಲ್ಲ. ಹೊರಗಿನಿಂದ ಬಂದದ್ದೆಲ್ಲ ಅವರಿಗೆ ವೈರಿಯೇ. ಕಿಡ್ನಿ ಉಳಿಯಬೇಕಾದರೆ ಅವರನ್ನು ಜೀವನಪೂರ್ತಿ ಅರೆನಿದ್ದೆಯಲ್ಲಿಡಬೇಕು. ಆದರೆ ಕಾವಲು ಮಲಗಿದ ಮನೆಗೆ ಯಾರು ಬೇಕಾದರೂ ನುಗ್ಗಬಹುದಲ್ಲ, ಹಾಗಾಗಿ ಬಾಗಿಲು ಭದ್ರವಾಗಿರಲಿ: ಹಕ್ಕಿಪಂಜರ ಬೇಡ, ಮೀನಿನ ತೊಟ್ಟಿ ಬೇಡ, ಹೂಕುಂಡದ ಮಣ್ಣು ಬೇಡ, ಹಸಿ ಹಾಲು ಬೇಡ, ರಾಸಾಯನಿಕ ವಿಷಗಳ ಹತ್ತಿರ ಸುಳಿಯಬೇಡಿ. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಅವಳಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ. ಅಂಟಿನ ಬಗ್ಗೆ ಡಾಕ್ಟರಮ್ಮ ಹೇಳಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆದೀತು?

ಅಂಟಣ್ಣನ ಸಾವಿಗೂ ಕೊಟ್ಟ ಕಿಡ್ನಿಗೂ ಸಂಬಂಧವಿರಲಿಲ್ಲ. ರಟ್ಟಿನ ಬಂಡಲು ಇಳಿಸಲು ಬಂದಿದ್ದ ಲಾರಿ ಇಳಿಜಾರಿನಲ್ಲಿ ತಾನೇ ತಾನಾಗಿ ಹಿಂದೆ ಉರುಳಿತು; ಅವನು ಅದರ ಬೆನ್ನಿಗಿದ್ದ. ಅಷ್ಟೇ. ಆದರೂ ಅಂತ್ಯಕ್ರಿಯೆಗೆ ಬಂದವರ ಕಣ್ಣು ಅಕ್ಕನ ಮುಖದ ಮೇಲೆ ನಿಲ್ಲದೆ ಅವಳ ಹೊಟ್ಟೆಯ ಬಲಗಡೆಗೆ ಜಾರುತ್ತಿತ್ತು. ಕಿಡ್ನಿಯನ್ನು ಬೆನ್ನಿಗಲ್ಲ, ಅಲ್ಲಿ ಕೂರಿಸಿರುತ್ತಾರೆಂದು ಊರಿಗೆಲ್ಲ ಗೊತ್ತಾಗಿತ್ತು.

ಉಳಿದವಳು ಅಂಟಣ್ಣನ ಹೆಂಡತಿ. ಅಂಗಡಿಯ ಮೇಲಿನ ಮನೆಯಲ್ಲಿ ಈಗ ಅತ್ತಿಗೆಯಾಗಿ ಅಕ್ಕ, ನಾದಿನಿಯಾಗಿ ಆಕೆ, ಇಬ್ಬರೇ. ಆಕೆ ಅತ್ತು ಕರೆದು ಮಾಡಲಿಲ್ಲ, ಅತ್ತಿಗೆಗೆ ಒಂದು ಕಟುಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು, ತಲೆಗೂದಲು ಗಂಟು ಹಾಕಿಕೊಳ್ಳುತ್ತ, ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇವತ್ತು ಹೇಗಿದ್ದಾರೆ?"

ಗಂಡನ ಹೆಸರು ಹಿಡಿದು ಕರೆದವಳಲ್ಲ. ಬದುಕಿದ್ದಾಗಲೂ ಅವನು "ಅವರು". ಈಗಲೂ ಅವರೇ. ಅಕ್ಕ ನೀರು ಕುಡಿಯುವುದನ್ನು ಮರೆತರೆ "ಅವರಿಗೆ ನೀರು ಕೊಟ್ರಾ?" ಎನ್ನುವಳು. ಊಟಕ್ಕೆ ಉಪ್ಪು ಹೆಚ್ಚಾದರೆ "ಅವರಿಗೆ ಆಗಲ್ಲ" ಎಂದು ತಟ್ಟೆ ಎತ್ತಿಬಿಡುವಳು. ತಪಾಸಣೆಗೆ ಜೊತೆಗೆ ಹೋದಾಗ "ಅವರು ಚೆನ್ನಾಗಿದ್ದಾರಾ ಡಾಕ್ಟರೇ?" ಎಂದು ಕೇಳಿ, ಡಾಕ್ಟರಮ್ಮ ಬಾಗಿಲಾಚೆ ಇನ್ಯಾರೋ ಕೂತಿದ್ದಾರೆಂದು ಇಣುಕಿ ನೋಡುವಂತೆ ಮಾಡಿದ್ದಳು. ಮೊದಮೊದಲು ಅಕ್ಕನಿಗೆ ನಗು ಬಂತು. ಆಮೇಲೆ ನಗು ಹೋಯಿತು, ಮಾತು ಅಭ್ಯಾಸವಾಯಿತು. ನಾದಿನಿಯ ರಾಯರು ತಮ್ಮದಲ್ಲದ ಮನೆಯಲ್ಲಿ ಬಾಡಿಗೆಗಿದ್ದಾರೆ, ಮನೆಯೊಡತಿ ಗೋಡೆಗೆ ಮೊಳೆ ಹೊಡೆಯುವ ಮೊದಲೂ ಯೋಚಿಸಬೇಕು.

ಅಂಟಿನ ಕೆಲಸವೂ ಈಗ ಅಕ್ಕನ ಪಾಲಿಗೆ ಬಂತು. ನಾದಿನಿ ರಟ್ಟು ಕತ್ತರಿಸಲು ಕಲಿತಳು. ಅವಳ ಕೈ ನೇರ, ಆದರೆ ಭರಣಿಯ ಹತ್ತಿರ ಹೋಗಲಾರೆ ಎಂದಳು. ಅಕ್ಕ ಮೊದಲ ಸಲ ಹೊಸ ಅಂಟು ಕಾಯಿಸಿ, ಮೈಲುತುತ್ತದ ಪೊಟ್ಟಣಕ್ಕೆ ಕೈ ಹಾಕಿದಾಗ ನಾದಿನಿ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಅವರನ್ನ ಒಳಗಿಟ್ಕೊಂಡು ವಿಷಕ್ಕೆ ಕೈ ಹಾಕ್ತೀರಾ ಅತ್ತಿಗೆ?"

ಮಾತು ಸರಿಯೇ ಇತ್ತು. ಡಾಕ್ಟರಮ್ಮನೇ ವಿಷ ಬೇಡವೆಂದಿದ್ದರು. ಪೊಟ್ಟಣ ಅಟ್ಟಕ್ಕೆ ಹೋಯಿತು. ತಳದಲ್ಲಿ ತಮ್ಮ ಬಿಟ್ಟುಹೋದ ಹಿಡಿ ಅಂಟಿತ್ತು, ಅದರ ಮೇಲೆ ನೀಲಿಯಿಲ್ಲದ ಹೊಸ ಅಂಟು ಬಿತ್ತು. ಅದರಲ್ಲೊಂದು ಹಿಡಿ ಉಳಿಸಿ ಮತ್ತೊಂದು, ಅದರಲ್ಲೊಂದು ಹಿಡಿ ಉಳಿಸಿ ಇನ್ನೊಂದು. ಹಿಡಿಯಿಂದ ಹಿಡಿಗೆ ನೀಲಿ ತೆಳುವಾಗುತ್ತ ಹೋಗಿ ಕೊನೆಗೆ ಇಲ್ಲವಾಯಿತು. ವಾಸನೆ ಸ್ವಲ್ಪ ಹುಳಿಯಾಯಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ತೆಳ್ಳನೆಯ ಹಳದಿ ಕೆನೆ. ಅಕ್ಕ ಅದನ್ನು ಬೆರಳಿನಿಂದ ಬಳಿದು ಪಕ್ಕಕ್ಕಿಟ್ಟು ಕೆಲಸಕ್ಕೆ ಕೂರುತ್ತಿದ್ದಳು.

ಹಿಂದೆ ಸೂಜಿಯ ಕೈ ಬೇರೆ, ಅಂಟಿನ ಕೈ ಬೇರೆ ಇತ್ತು. ಈಗ ಎರಡೂ ಒಂದೇ. ಹೊಲಿಯುವವರ ಬೆರಳಿಗೆ ಸೂಜಿ ಚುಚ್ಚುವುದು ಅಡುಗೆಯವರಿಗೆ ಬಿಸಿ ತಾಗಿದ ಹಾಗೆ, ಯಾರೂ ಲೆಕ್ಕಕ್ಕಿಡುವುದಿಲ್ಲ. ಚುಚ್ಚಿದ ಬೆರಳನ್ನು ಸೆರಗಿಗೆ ಒರೆಸಿ ಅವಳು ಹಾಗೆಯೇ ಭರಣಿಗೆ ಅದ್ದುತ್ತಿದ್ದಳು. ಬ್ರಷ್ಷು ತರುವ ಯೋಚನೆ ಬಂದಿತ್ತಾದರೂ ತರಲಿಲ್ಲ. ಏಕೆಂದರೆ ಭರಣಿಯೊಳಗೆ ಕೈ ಇಳಿಸಿದಾಗ ಅವಳಿಗೊಂದು ಅನುಭವವಾಗುತ್ತಿತ್ತು, ಅದನ್ನವಳು ಯಾರಿಗೂ ಹೇಳಿರಲಿಲ್ಲ. ಮೇಲಿನ ಅಂಟು ಸಡಿಲ. ತಳದ ಅಂಟು ಗಟ್ಟಿ, ತಣ್ಣಗೆ. ಅಲ್ಲಿಗೆ ತಲುಪಿದರೆ ಯಾರೋ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ ಹಾಗೆ. ಎಳೆದರೆ ಬಿಡುತ್ತಿತ್ತು, ಆದರೆ ಎಳೆದ ಮೇಲೆಯೇ. ಮಧ್ಯಾಹ್ನದ ಹೊತ್ತು ಬೀದಿ ನಿಶ್ಶಬ್ದವಾದಾಗ ಭರಣಿಯಲ್ಲೊಂದು ಗುಳ್ಳೆ ಒಡೆದು "ಗುಳಕ್" ಎನ್ನುತ್ತಿತ್ತು. ಜೋಕು ಹೇಳುವ ಮೊದಲು ತಮ್ಮ ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ಥೇಟ್ ಹಾಗೆಯೇ. ಅಕ್ಕ ಸೂಜಿ ನಿಲ್ಲಿಸಿ ಕಾಯುತ್ತಿದ್ದಳು. ಜೋಕು ಬರುತ್ತಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಅವನ ಏಪ್ರನ್ನು ಅಂಟು ಒಣಗಿ ಒಣಗಿ ಮೈಯಿಲ್ಲದೆಯೂ ಮೈಯ ಆಕಾರದಲ್ಲೇ ನಿಂತಿತ್ತು.

ಬಲಗೈಯ ಮಣಿಕಟ್ಟು ಊದಿಕೊಂಡಾಗ ಅವಳು ಹೆಚ್ಚು ಹೊಲಿದದ್ದಕ್ಕೆಂದುಕೊಂಡಳು. ಬೀದಿಯ ಕೊನೆಯ ಡಾಕ್ಟರ್, ಕಿಡ್ನಿಯವರಿಗೆ ಬರುವ ಗೌಟ್ ಎಂಬ ಕೀಲುಬಾವು ಇದು ಎಂದ. ಜ್ವರವಿಲ್ಲವಲ್ಲ, ಸೋಂಕಿರಲಾರದು ಎಂದೂ ಧೈರ್ಯ ಹೇಳಿದ. ಜ್ವರ ಎಲ್ಲಿಂದ ಬರಬೇಕು? ಜ್ವರವೆಂದರೆ ಕಾವಲುಗಾರರ ಗಲಾಟೆ. ಅವರೆಲ್ಲ ಮಾತ್ರೆ ನುಂಗಿ ಮಲಗಿದ್ದರು. ಕೀಲು ಸದ್ದಿಲ್ಲದೆ ದಪ್ಪವಾಯಿತು. ಸೂಜಿ ಹಿಡಿತಕ್ಕೆ ಸಿಗದೆ ಅವಳ ಕೈಯಿಂದ ಜಾರಿ ಬಿದ್ದ ದಿನ ನಾದಿನಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಕೀಲಿನೊಳಗಿನಿಂದ ನೀರು ತೆಗೆಸಿದರು. ನೀರಲ್ಲ, ಮಜ್ಜಿಗೆಯಂಥ ಕೀವು. ಲ್ಯಾಬಿನಲ್ಲಿ ಬೆಳೆದ ಬ್ಯಾಕ್ಟೀರಿಯದ ಹೆಸರು ಓದಿ ಅವರೇ ಹುಬ್ಬೇರಿಸಿದರು. ಗಿಡಗಳ ಮೇಲೆ, ಕಾಳುಕಡ್ಡಿಯಲ್ಲಿ, ಮಣ್ಣಿನಲ್ಲಿ ಬದುಕುವ ಬಡಪಾಯಿ ಅದು. ಗಟ್ಟಿಮುಟ್ಟಾದವರನ್ನು ಕಂಡರೆ ತಾನೇ ಸರಿದು ನಿಲ್ಲುವಂಥದ್ದು, ಇಂಥ ಮೈಯಲ್ಲೂ ಕೀಲಿಗಿಳಿಯುವುದು ಅಪರೂಪ. ಗಿಡ ನೆಟ್ಟಿರಾ? ಮುಳ್ಳು ಚುಚ್ಚಿತ್ತಾ? ಹಕ್ಕಿ? ಮೀನು? ಅಕ್ಕ ಎಲ್ಲಕ್ಕೂ ಇಲ್ಲ ಎಂದಳು. ಎಲ್ಲವೂ ನಿಜವಾಗಿಯೂ ಇಲ್ಲವೇ. ಕೀಲನ್ನು ತೆರೆದು ತೊಳೆದರು, ವಾರಗಟ್ಟಲೆ ನರಕ್ಕೆ ಔಷಧಿ ಹಾಕಿದರು, ವಾಸಿಯಾಯಿತೆಂದು ಕಳಿಸಿದರು. ಬಲಗೈ ಅರ್ಧ ಮಾತ್ರ ಮಡಚುತ್ತಿತ್ತು. ಅಕ್ಕ ಮನೆಗೆ ಬಂದವಳೇ ಎಡಗೈಯಿಂದ ಅಂಟು ಬಳಿಯಲು ಕಲಿತಳು.

ಎಡಗೈಯ ಮಣಿಕಟ್ಟು ಊದಿಕೊಂಡಿತು.

ಊರು ಈ ಸುದ್ದಿಯನ್ನು ತನ್ನದೇ ರೀತಿಯಲ್ಲಿ ಬೈಂಡ್ ಮಾಡಿತು. ಕೊಟ್ಟವನು ವಾಪಸ್ ಕೇಳುತ್ತಿದ್ದಾನೆ, ಮೊದಲು ಒಂದು ಕೈ ಹಿಡಿದ, ಈಗ ಇನ್ನೊಂದು ಎಂದು ಬೀಗದವನ ಅಂಗಡಿಯಲ್ಲಿ ಮಾತು ಹುಟ್ಟಿ ಬೀದಿಯ ಕೊನೆ ತಲುಪಿ ಹೊಸ ರಟ್ಟು ಹಾಕಿಕೊಂಡು ಹಿಂದಿರುಗಿತು. ಮಾತನ್ನು ಯಾರೂ ಅಕ್ಕನ ಎದುರಿಗೆ ಆಡಲಿಲ್ಲ. ಆದರೆ ಕಿಟಕಿಯ ಮುಂದೆ ಹಾಯುವ ಪಾದಗಳು ಅಲ್ಲಿ ಬಂದಾಗ ಕೊಂಚ ಬೇಗ ನಡೆಯುವುದನ್ನು ಅವಳು ಕಂಡಳು.

ಎರಡನೆಯ ಸಲ ಡಾಕ್ಟರಮ್ಮ ಸಲಿಗೆಯ ದನಿ ಬಿಟ್ಟು ಹೇಳಿದರು. "ಅದೇ ಬ್ಯಾಕ್ಟೀರಿಯ. ಈ ಸಲ ಮಾತ್ರೆ ಇಳಿಸಲೇಬೇಕು. ಕಾವಲುಗಾರರು ಏಳ್ತಾರೆ. ಆದ್ರೆ ಎದ್ದೋರು ಕಳ್ಳನ್ನ ಮಾತ್ರ ಹಿಡೀತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ಕಿಡ್ನಿ ಮೇಲೂ ಬೀಳಬಹುದು. ಈ ಸಲ ದಾಟಿಸ್ತೀನಿ. ಮೂರನೇ ಸಲ ಬಂದ್ರೆ ಮಾತ್ರೆ ಪೂರ್ತಿ ನಿಲ್ಲಿಸಿ ನಿಮ್ಮನ್ನ ಉಳಿಸ್ಕೋತೀನಿ, ಕಿಡ್ನಿ ಹೋಗುತ್ತೆ. ಇದು ನಿಮ್ಮ ಮನೇಲೇ ಎಲ್ಲೋ ಇದೆ. ಯೋಚ್ನೆ ಮಾಡಿ." ಹೇಗಿರುತ್ತದೆಂದು ತೋರಿಸಲು ಅವರು ತಮ್ಮ ಫೋನಿನಲ್ಲಿ ಲ್ಯಾಬಿನವರು ಕಳಿಸಿದ ಚಿತ್ರ ತೆಗೆದು ಹಿಡಿದರು. ದುಂಡನೆಯ ಗಾಜಿನ ತಟ್ಟೆ. ಅದರ ತುಂಬ ಹೊಳೆಯುವ ಹಳದಿ.

ಅಕ್ಕ ಆ ಹಳದಿಯನ್ನು ಪ್ರತಿದಿನ ಬೆಳಿಗ್ಗೆ ಬೆರಳಿನಿಂದ ಬಳಿದು ತೆಗೆದವಳು. ಗುರುತು ಹತ್ತಿತು. ನಾದಿನಿಯೂ ಬಗ್ಗಿ ನೋಡಿದಳು. ಭರಣಿಯ ಮುಚ್ಚಳ ಎಂದೂ ತೆಗೆಯದ ಅವಳಿಗೆ ಅದು ಬರಿಯ ಬಣ್ಣ. "ಏನಾದ್ರೂ ಹೊಳೀತಾ?" ಎಂದು ಡಾಕ್ಟರಮ್ಮ ಕೇಳಿದರು. ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ಈ ಸಲದ ಇಲ್ಲ ಮೊದಲಿನ ಇಲ್ಲಗಳಂಥದಲ್ಲ.

ಎಡ ಮಣಿಕಟ್ಟನ್ನೂ ತೊಳೆದು, ಮಾತ್ರೆ ಇಳಿಸಿ, ಕಿಡ್ನಿಯ ರಕ್ತಪರೀಕ್ಷೆ ಮೇಲಿಂದ ಮೇಲೆ ಮಾಡುತ್ತ ಅವಳನ್ನು ಇಟ್ಟುಕೊಂಡಿದ್ದಷ್ಟೂ ಕಾಲ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಭರಣಿ ಹೋಗುತ್ತದೆ. ತಮ್ಮನ ಕೈ ಅದ್ದಿದ ಅಂಟು, ಹಿಡಿಯಿಂದ ಹಿಡಿಗೆ ಇಳಿದು ಬಂದದ್ದು. ಹೇಳಿದರೆ ಇನ್ನೂ ಒಂದು ರಟ್ಟಾಗುತ್ತದೆ: ನೀಲಿಯನ್ನು ನಿಲ್ಲಿಸಿದ ಕೈ ಯಾರದು ಎಂಬುದು. ಹೇಳದಿದ್ದರೆ ಹೊಟ್ಟೆಯಲ್ಲಿರುವ ತಮ್ಮ ಹೋಗುತ್ತಾನೆ. ಒಬ್ಬನೇ ತಮ್ಮ, ಎರಡು ಕಡೆ ಇದ್ದಾನೆ; ಅಲ್ಲಿರುವವನು ಇಲ್ಲಿರುವವನ ಮೇಲೆ ಕೈ ಮಾಡುತ್ತಿದ್ದಾನೆ. ಪಕ್ಕದ ಹಾಸಿಗೆಯವಳು ಇವಳ ಕಣ್ಣೀರು ನೋವಿಗೆಂದು ಭಾವಿಸಿ ನರ್ಸನ್ನು ಕರೆಯುತ್ತಿದ್ದಳು.

ಮನೆಗೆ ಬಂದ ಮಧ್ಯಾಹ್ನ ಇಬ್ಬರೂ ಅಂಗಡಿಗಿಳಿದರು. ಮುಚ್ಚಿದ್ದ ಕೋಣೆಯಲ್ಲಿ ಹುಳಿ ವಾಸನೆ ಗೋಡೆಗಂಟಿತ್ತು. ನಾದಿನಿ ಕಿಟಕಿ ತೆರೆದಳು. ಪಾದಗಳು ಹಾದವು. ಅಕ್ಕ ಮೇಜಿನ ಮುಂದೆ ಕೂತು ಮಡಚದ ಬಲಗೈ, ಬ್ಯಾಂಡೇಜಿನ ಎಡಗೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು. ಭರಣಿ "ಗುಳಕ್" ಎಂದಿತು. ಇಬ್ಬರೂ ಕೇಳಿಸಿಕೊಂಡರು. ನಾದಿನಿಗೂ ಅದು ಕೇಳಿಸುತ್ತಿತ್ತೆಂದು ಅಕ್ಕನಿಗೆ ಗೊತ್ತಾದದ್ದು ಅವಳ ಕೈಯಲ್ಲಿದ್ದ ಕತ್ತರಿ ನಿಂತಾಗ.

"ಅತ್ತಿಗೆ," ಎಂದಳು ನಾದಿನಿ, "ಅವರಿಗೆ ಸಿಟ್ಟು ಬಂದಿದ್ಯಾ?"

"ಯಾರ ಮೇಲೆ?"

"ನಮ್ಮಿಬ್ಬರಲ್ಲಿ ಯಾರ ಮೇಲಾದ್ರೂ."

"ಸಿಟ್ಟಲ್ಲ ಕಣೇ. ಹಳಸಿರೋದು."

ಆಮೇಲೆ ಅಕ್ಕ ಎಲ್ಲ ಹೇಳಿದಳು. ಗಾಜಿನ ತಟ್ಟೆಯ ಹಳದಿ, ಭರಣಿಯ ಹಳದಿ ಎರಡೂ ಒಂದೇ ಎಂಬುದು, ಸೂಜಿ ಚುಚ್ಚಿದ ಬೆರಳು, ತಣ್ಣನೆಯ ತಳ, ಅಲ್ಲಿ ಯಾರೋ ಕೈಹಿಡಿಯುತ್ತಿದ್ದುದು. ನೀಲಿಯ ವಿಷಯ ಬಂದಾಗ ಮಾತನ್ನು ಪಕ್ಕಕ್ಕೆ ಸರಿಸಲು ನೋಡಿದಳು. ನಾದಿನಿ ಬಿಡಲಿಲ್ಲ.

"ನೀಲಿ ಬೇಡ ಅಂದೋಳು ನಾನು."

"ಹೂಂ."

"ಅವರು ಉಳೀಲಿ ಅಂತ ಅಂದೆ."

"ನಂಗೊತ್ತು."

ನಾದಿನಿ ಎದ್ದು ಬಂದು ಭರಣಿಯ ಮುಂದೆ ನಿಂತಳು. ಅಷ್ಟು ಕಾಲದಲ್ಲಿ ಮೊದಲ ಸಲ ಮುಚ್ಚಳ ತೆಗೆದಳು. ಬಹಳ ಹೊತ್ತು ನೋಡಿ ಮೆಲ್ಲಗೆ, ಪೇಟೆಯಲ್ಲಿ ಚೌಕಾಸಿ ಮಾಡುವ ದನಿಯಲ್ಲಿ, ಒಂದು ಹಿಡಿ ತೆಗೆದು ಡಬ್ಬಿಯಲ್ಲಿ ಮುಚ್ಚಿ ಅಟ್ಟಕ್ಕಿಡೋಣ, ಯಾರೂ ಮುಟ್ಟುವುದು ಬೇಡ ಎಂದಳು. ಅಕ್ಕನ ಆಸೆಯೂ ಅದೇ ಆಗಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಆ ಡಬ್ಬಿಯ ಗಾತ್ರವನ್ನೂ ಯೋಚಿಸಿಟ್ಟಿದ್ದಳು. ಮುಚ್ಚಳ ಬಿಗಿಯಾದ ಹಳೆಯ ಪೌಡರ್ ಡಬ್ಬಿ. ಆದರೆ ಡಬ್ಬಿ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ತನ್ನ ಕೈ ಅದರೊಳಗಿರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಒಂದು ಹಿಡಿ ಇಟ್ರೆ ಎಲ್ಲಾ ಇಟ್ಟ ಹಾಗೇ. ಅವನು ಕಲಿಸಿದ್ದೇ ಅದು," ಎಂದಳು. "ಇನ್ನು ಎರಡು ಕಡೆ ಇರೋಕಾಗಲ್ಲ ಅವನಿಗೆ. ಎಲ್ಲಿರಬೇಕು, ನೀನೇ ಹೇಳು."

ನಾದಿನಿ ಅತ್ತಿಗೆಯ ಹೊಟ್ಟೆಯ ಬಲಗಡೆ ನೋಡಿದಳು. ಊರವರು ನೋಡುತ್ತಿದ್ದ ಹಾಗಲ್ಲ. ಬಾಗಿಲಲ್ಲಿ ನಿಂತು ಒಳಗೆ ಕೂತ ಗಂಡನನ್ನು ಊಟಕ್ಕೆ ಕರೆಯುವವಳು ನೋಡುವ ಹಾಗೆ. ಆಮೇಲೆ ಭರಣಿಯನ್ನು ಮಗುವಿನಂತೆ ಸೊಂಟಕ್ಕೇರಿಸಿ ಹಿತ್ತಲಿಗೆ ಒಯ್ದಳು. ಅಕ್ಕ ಹತ್ತಿರ ಬರದಂತೆ ಕದ ಎಳೆದುಕೊಂಡಳು. ಚರಂಡಿಗೆ ಸುರಿಯುವ ಸದ್ದು ಕೇಳಿಸಿತು. ದೊಡ್ಡ ಶಬ್ದ, ಆಮೇಲೆ ಚಿಕ್ಕದು, ಆಮೇಲೆ ಏನೂ ಇಲ್ಲ. ಕದದ ಸಂದಿನಲ್ಲಿ ಅಕ್ಕ ಕಂಡಳು: ನಾದಿನಿ ಕುಕ್ಕರಗಾಲಲ್ಲಿ ಕೂತು, ಓರೆಯಾಗಿಸಿದ ಭರಣಿಯೊಳಗೆ, ತಳಕ್ಕಂಟಿ ಉಳಿದದ್ದರತ್ತ ಮೊಣಕೈವರೆಗೆ ಕೈ ಇಳಿಸಿದ್ದಾಳೆ. ಅಲುಗಾಡುತ್ತಿಲ್ಲ.

"ತಣ್ಣಗಿದೆ ಅತ್ತಿಗೆ," ಎಂದಳು ಕದದ ಆಚೆಯಿಂದ. "ನಿಜವಾಗ್ಲೂ ಹಿಡ್ಕೊಳ್ಳುತ್ತೆ."

ಕೊನೆಗೆ ಕೈ ಎಳೆದುಕೊಂಡಳು. ಕುದಿಯುವ ನೀರು ಹೊಯ್ದಳು. ಪಿಂಗಾಣಿ ಒಳಗಿನಿಂದ ಸೀಳಿಹೋಯಿತು. ಆ ಸದ್ದು ಮಾತ್ರ ಯಾವುದರ ಹಾಗೂ ಇರಲಿಲ್ಲ.

ಅಕ್ಕ ಡಾಕ್ಟರಮ್ಮನಿಗೆ ಹೇಳಿದಳು. ಅವರು ಬೈಯಲಿಲ್ಲ, ಪೆನ್ನು ಕೆಳಗಿಟ್ಟು, ಅಂಟು ಮಾಡುವ ವಿಧಾನವನ್ನು ಅಡುಗೆ ಕೇಳಿದಂತೆ ಕೇಳಿಕೊಂಡರು. ಕಿಡ್ನಿ ಆ ಮಾತ್ರೆ ಇಳಿಸಿದ ಕಾಲದಲ್ಲಿ ಒಮ್ಮೆ ತಡವರಿಸಿ, ಸೋತು, ಪೂರ್ತಿ ಅಲ್ಲದಿದ್ದರೂ ಚೇತರಿಸಿಕೊಂಡಿತು. ಮೂರನೆಯ ಸಲ ಬರಲಿಲ್ಲ. ಈಗ ಅಂಗಡಿಯಲ್ಲಿ ನಾದಿನಿ ಅಂಟು ಬಳಿಯುತ್ತಾಳೆ. ಪ್ಲಾಸ್ಟಿಕ್ ಡಬ್ಬಿ, ಬ್ರಷ್ಷು, ಬೇಕಾದಷ್ಟು ನೀಲಿ. ಸಂಜೆಗೆ ಉಳಿದದ್ದು ಚರಂಡಿಗೆ. ಅಕ್ಕ ಕೈಗವಸು ತೊಟ್ಟು, ಮಡಚದ ಮಣಿಕಟ್ಟುಗಳಿಂದ, ತೋಳನ್ನೇ ಆಡಿಸಿ ಹೊಲಿಯುತ್ತಾಳೆ. ದೂರದಿಂದ ನೋಡಿದರೆ ಯಾರಿಗೋ ನಿಧಾನವಾಗಿ ಕೈ ಬೀಸುತ್ತಿರುವಂತೆ ಕಾಣುತ್ತದೆ. ಗುಳಕ್ ಎಂಬ ಸದ್ದು ಇಲ್ಲ. ಆದರೂ ಮಧ್ಯಾಹ್ನ ಒಂದು ಹೊತ್ತಿಗೆ ಸೂಜಿಯೂ ಬ್ರಷ್ಷೂ ಒಟ್ಟಿಗೆ ನಿಲ್ಲುತ್ತವೆ.

ಆ ನೀಲಿಯಿಲ್ಲದ ಕಾಲದಲ್ಲಿ ಕಟ್ಟಿದ ಪುಸ್ತಕಗಳು ಈಗ ಒಂದೊಂದಾಗಿ ಮರಳಿ ಬರುತ್ತಿವೆ. ಹುಳ ಹಿಡಿದು, ಕೀಲು ಬಿಟ್ಟು, ರಟ್ಟು ಜೋಲುತ್ತ. ಅಂಗಡಿಯ ಹಳೆಯ ಗಿರಾಕಿಯಾದ ನಾನು ಮೊನ್ನೆ ಒಯ್ದದ್ದೂ ಅಂಥದೇ ಒಂದು, ಹಳೆಯ ವಾರಪತ್ರಿಕೆಗಳ ಸಂಪುಟ. ಅಕ್ಕ ದೂರದಿಂದಲೇ ಗುರುತಿಸಿದಳು. ಎದ್ದು ನಿಂತು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಒಣಗಿದ ಅಂಟು ಏನೂ ಮಾಡಲಾರದೆಂದು ಡಾಕ್ಟರಮ್ಮ ಹೇಳಿದ್ದಾರೆ, ನಾದಿನಿ ಕೇಳುವವಳಲ್ಲ. ಸಂಪುಟವನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು, ಮೇಜಿನ ಆ ತುದಿಗೆ ಒಯ್ದು, ಕೀಲಿನಿಂದ ಹಳದಿ ಹೊಟ್ಟನ್ನು ಚಾಕುವಿನಿಂದ ಕೆರೆಯತೊಡಗಿದಳು. ಊರಿನ ಎಷ್ಟೋ ಕಪಾಟುಗಳಲ್ಲಿ, ಎಷ್ಟೋ ಪುಸ್ತಕಗಳ ಬೆನ್ನಿನಲ್ಲಿ ಅವನು ಇನ್ನೂ ಚೂರುಚೂರಾಗಿ ಉಳಿದಿದ್ದಾನೆ. ಅಕ್ಕ ನೋಡಬಹುದು, ಮುಟ್ಟುವಂತಿಲ್ಲ.

"ಅವರಿಗೆ ನೀರು ಕೊಟ್ರಾ ಅತ್ತಿಗೆ?" ಎಂದಳು ನಾದಿನಿ, ತಲೆಯೆತ್ತದೆ.

ಅಕ್ಕ ಎರಡು ಅಂಗೈಗಳ ನಡುವೆ ಲೋಟ ಹಿಡಿದು ಕುಡಿದಳು. ಹಳೆಯ ಅಭ್ಯಾಸ, ತಳದಲ್ಲೊಂದು ಗುಟುಕು ಉಳಿಸಿ ಕೆಳಗಿಟ್ಟಳು.

ಚಾಕು ನಿಂತಿತು.

"ಪೂರ್ತಿ," ಎಂದಳು ನಾದಿನಿ.

ಅಕ್ಕ ಮತ್ತೆ ಲೋಟ ಎತ್ತಿಕೊಂಡಳು. ತಳದ ಆ ಗುಟುಕನ್ನು ನೋಡಿದಳು. ಆಮೇಲೆ ಕುಡಿದಳು.